ಕುರ್ಚಿ ಬರುತ್ತದೆ, ಮಾತಿನ ತೂಕ ಬರುವುದಿಲ್ಲ: ಮನೆತನದ ಟ್ರಸ್ಟ್ ಮುಂದಿನ ತಲೆಮಾರಿಗೆ ದಾಟುವಾಗ

2024ರ ಅಕ್ಟೋಬರ್ 9ರ ರಾತ್ರಿ ರತನ್ ಟಾಟಾ ತೀರಿಕೊಂಡರು. ಅಕ್ಟೋಬರ್ 11ಕ್ಕೆ ಅವರ ಮಲಸಹೋದರ ನೋಯಲ್ ಟಾಟಾ, ಟಾಟಾ ಟ್ರಸ್ಟ್‌ಗಳ ಅಧ್ಯಕ್ಷರಾದರು. ಟ್ರಸ್ಟಿಗಳೆಲ್ಲ ಒಮ್ಮತದಿಂದ ಒಪ್ಪಿದ್ದರು. ಹೊರಗಿನಿಂದ ನೋಡಿದವರಿಗೆ ಎಲ್ಲ ಸಲೀಸಾಗಿ ಮುಗಿಯಿತು ಅನ್ನಿಸಿತು. ವರ್ಷ ತುಂಬುವಷ್ಟರಲ್ಲಿ ಅದೇ ಟ್ರಸ್ಟಿಗಳು ಎರಡು ಬಣವಾಗಿದ್ದರು. ಟ್ರಸ್ಟ್ ಪರವಾಗಿ ಟಾಟಾ ಸನ್ಸ್ (ಟಾಟಾ ಕಂಪನಿಗಳ ಮೂಲ ಕಂಪನಿ) ಬೋರ್ಡಿನಲ್ಲಿದ್ದ ಒಬ್ಬರು ಆ ಸ್ಥಾನ ಬಿಡಬೇಕಾಯಿತು. ಇನ್ನೊಬ್ಬರ ಟ್ರಸ್ಟಿ ಅವಧಿಯೇ ನವೀಕರಣ ಆಗಲಿಲ್ಲ. ನಡುವೆ ಟಾಟಾದವರು ದೆಹಲಿಗೆ ಹೋಗಿ ಕೇಂದ್ರ ಸಚಿವರನ್ನು ಕಂಡು ಬಂದರು.

ಇದು ಶ್ರೀಮಂತರ ಮನೆಯ ಜಗಳ, ನಮಗೇನು ಅಂತ ಅನ್ನಿಸಬಹುದು. ಆದರೆ ಟಾಟಾ ಸನ್ಸ್‌ನಲ್ಲಿ ಸುಮಾರು 66% ಪಾಲು ಈ ಟ್ರಸ್ಟ್‌ಗಳದ್ದು. ಸರ್ ದೊರಾಬ್ಜಿ ಟಾಟಾ ಟ್ರಸ್ಟ್ ಮತ್ತು ಸರ್ ರತನ್ ಟಾಟಾ ಟ್ರಸ್ಟ್, ಈ ಎರಡರ ಪಾಲೇ ಅರ್ಧಕ್ಕಿಂತ ಜಾಸ್ತಿ. ಕಂಪನಿಗಳ ಲಾಭಾಂಶ ಇಲ್ಲಿಗೆ ಬಂದು, ಇಲ್ಲಿಂದ ಕ್ಯಾನ್ಸರ್ ಆಸ್ಪತ್ರೆಗೆ, ವಿದ್ಯಾರ್ಥಿವೇತನಕ್ಕೆ, ಹಳ್ಳಿಯ ನೀರಿನ ಕೆಲಸಕ್ಕೆ ಹೋಗುತ್ತದೆ. ಟ್ರಸ್ಟಿಗಳ ನಡುವೆ ಮಾತು ನಿಂತರೆ ಅದರ ಬಿಸಿ ತಟ್ಟುವುದು ಆ ಸಾಲಿನ ಕೊನೆಯಲ್ಲಿ ನಿಂತವರಿಗೆ. ಅವರಿಗೆ ಆ ಮೀಟಿಂಗಿನಲ್ಲಿ ಒಂದು ಓಟೂ ಇಲ್ಲ.

ಹಾಗಾದರೆ ಆ ಒಂದು ವರ್ಷದಲ್ಲಿ ಕಳೆದುಹೋಗಿದ್ದು ಏನು? ನನ್ನ ಉತ್ತರ ಇಷ್ಟೇ. ರತನ್ ಟಾಟಾ ಅವರ ಮಾತಿಗೆ ಇದ್ದ ತೂಕ. ಅವರು 1991ರಿಂದ 2012ರ ತನಕ ಟಾಟಾ ಸನ್ಸ್ ನಡೆಸಿದವರು. ಅವರು ಒಂದು ಮಾತು ಹೇಳಿದರೆ ಮುಗಿಯಿತು, ಯಾರೂ ನಿಯಮದ ಪುಸ್ತಕ ತೆಗೆಯುತ್ತಿರಲಿಲ್ಲ. ಕುರ್ಚಿ ನೋಯಲ್ ಅವರಿಗೆ ಬಂತು. ತೂಕ ಬರಲಿಲ್ಲ, ಬರುವುದಕ್ಕೂ ಸಾಧ್ಯವಿರಲಿಲ್ಲ. ಅದು ಒಬ್ಬ ಮನುಷ್ಯ ಬದುಕಿಡೀ ಗಳಿಸಿಕೊಂಡಿದ್ದು. ಅಂಥವರು ಹೋದ ಮೇಲೆ ಉಳಿಯುವುದು ಬರೆದಿಟ್ಟ ನಿಯಮ ಮಾತ್ರ. ಬರೆದಿಟ್ಟಿದ್ದು ಸ್ಪಷ್ಟವಾಗಿಲ್ಲದಿದ್ದರೆ ಉಳಿಯುವುದು ಜಗಳ.

ಇಲ್ಲಿ ಆಗಿದ್ದೂ ಅದೇ. ರತನ್ ಟಾಟಾ ತೀರಿಕೊಂಡು ವಾರ ಕಳೆಯುತ್ತಿದ್ದ ಹಾಗೆಯೇ ಟ್ರಸ್ಟಿಗಳು ಒಂದು ತೀರ್ಮಾನ ಮಾಡಿದರು. ಅವಧಿ ಮುಗಿದವರನ್ನು ಮತ್ತೆ ನೇಮಿಸುವಾಗ ಆಜೀವ ಟ್ರಸ್ಟಿಯಾಗಿಯೇ ನೇಮಿಸುವುದು, 75 ದಾಟಿದವರು ಟಾಟಾ ಸನ್ಸ್ ಬೋರ್ಡಿನಲ್ಲಿ ಟ್ರಸ್ಟ್‌ನ ಪ್ರತಿನಿಧಿಯಾಗಿದ್ದರೆ ಪ್ರತಿ ವರ್ಷ ಪರಿಶೀಲಿಸುವುದು. ಎಲ್ಲರೂ ದುಃಖದಲ್ಲಿದ್ದ ಹೊತ್ತು, ಎಲ್ಲರೂ ಒಪ್ಪಿದರು. 2025ರ ಸೆಪ್ಟೆಂಬರಿನಲ್ಲಿ ಎರಡನೇ ನಿಯಮ ಕೆಲಸಕ್ಕೆ ಬಂತು. ವಿಜಯ್ ಸಿಂಗ್ ಅವರನ್ನು ಬೋರ್ಡಿನಲ್ಲಿ ಮುಂದುವರಿಸಲು ನಾಲ್ವರು ಟ್ರಸ್ಟಿಗಳು ಒಪ್ಪಲಿಲ್ಲ. ಅಕ್ಟೋಬರಿನಲ್ಲಿ ಮೊದಲನೆಯ ನಿಯಮದ ಸರದಿ. ರತನ್ ಟಾಟಾ ಅವರಿಗೆ ತುಂಬಾ ಹತ್ತಿರದವರಾಗಿದ್ದ ಮೆಹ್ಲಿ ಮಿಸ್ತ್ರಿ ಅವರ ಮೂರು ವರ್ಷದ ಅವಧಿ ಮುಗಿಯುತ್ತಿತ್ತು. ನೋಯಲ್ ಸೇರಿ ಮೂವರು ಬೇಡ ಅಂದರು. ಒಮ್ಮತ ಇಲ್ಲದ ಕಾರಣ ಅವರು ಹೊರಬಿದ್ದರು. ಒಂದು ವರ್ಷದ ಹಿಂದೆ ಆಜೀವ ಅಂತ ಒಪ್ಪಿದ್ದೀವಲ್ಲ, ನವೀಕರಣ ಬರೀ ಔಪಚಾರಿಕವಾ ಅಥವಾ ಪ್ರತಿ ಸಲ ಹೊಸದಾಗಿ ತೀರ್ಮಾನ ಮಾಡಬೇಕಾ ಅನ್ನುವುದೇ ವಾದವಾಯಿತು. ಹಿರಿಯರು ಇದ್ದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಅವರು ಇದ್ದಾಗಲೇ ಎತ್ತಬೇಕಾಗಿದ್ದ ಪ್ರಶ್ನೆ ಅದು.

ನವೆಂಬರಿನಲ್ಲಿ ನೋಯಲ್ ಅವರ ಮಗ ನೆವಿಲ್ ಸರ್ ದೊರಾಬ್ಜಿ ಟ್ರಸ್ಟಿಗೆ ಟ್ರಸ್ಟಿಯಾಗಿ ಬಂದರು, ಅದೂ ಮೂರು ವರ್ಷದ ಅವಧಿಗೆ. ಅದಕ್ಕೆ ಸ್ವಲ್ಪ ಮೊದಲು ಮಹಾರಾಷ್ಟ್ರ ಸರ್ಕಾರ ತನ್ನ ಸಾರ್ವಜನಿಕ ಟ್ರಸ್ಟ್ ಕಾಯ್ದೆಗೆ ತಿದ್ದುಪಡಿ ತಂದಿತ್ತು. ಆಜೀವ ಟ್ರಸ್ಟಿಗಳು ಒಟ್ಟು ಸಂಖ್ಯೆಯ ನಾಲ್ಕನೇ ಒಂದು ಭಾಗ ಮೀರುವಂತಿಲ್ಲ ಅಂತ. ಈ ತಿದ್ದುಪಡಿ ನನಗೆ ಸರಿ ಅನ್ನಿಸುತ್ತದೆ. ಸಾಯುವ ತನಕ ನಾನೇ ಅನ್ನುವ ಹಕ್ಕು ಸ್ವಂತ ಮನೆಯಲ್ಲಿ ಇರಲಿ. ತೆರಿಗೆ ವಿನಾಯಿತಿ ಪಡೆದು ನಡೆಯುವ ದತ್ತಿಯಲ್ಲಿ ಅದಕ್ಕೆ ಮಿತಿ ಬೇಕು.

ಆದರೆ ಟಾಟಾ ಕಥೆಯಲ್ಲಿ ಕಲಿಯಬೇಕಾದ್ದು ಜಗಳ ಒಂದೇ ಅಲ್ಲ. ಅದಕ್ಕಿಂತ ಹಳೆಯ ದಾಟುವಿಕೆಗಳು ಇನ್ನೂ ಚೆನ್ನಾಗಿವೆ, ಮತ್ತು ಅವುಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲೇ ನಿಂತಿದೆ.

ಜಮ್‌ಷೇಟ್‌ಜಿ ಟಾಟಾ ಒಂದು ವಿಜ್ಞಾನ ಸಂಸ್ಥೆ ಕಟ್ಟುವುದಕ್ಕೆ 30 ಲಕ್ಷ ರೂಪಾಯಿ ಬೆಲೆಯ ಆಸ್ತಿ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದು 1898ರಲ್ಲಿ. ಬ್ರಿಟಿಷ್ ಸರ್ಕಾರ ಸಮಿತಿ, ವರದಿ ಅಂತ ವರ್ಷಗಟ್ಟಲೆ ತಳ್ಳಿತು. 1904ರಲ್ಲಿ ಜಮ್‌ಷೇಟ್‌ಜಿ ತೀರಿಕೊಂಡರು. ಆಗ ಸಂಸ್ಥೆಯ ಒಂದು ಇಟ್ಟಿಗೆಯೂ ಬಿದ್ದಿರಲಿಲ್ಲ. ಆ ಹಂತದಲ್ಲಿ ಮಕ್ಕಳಾದ ದೊರಾಬ್ಜಿ ಮತ್ತು ರತನ್‌ಜಿ (ಸರ್ ರತನ್ ಟಾಟಾ) ಹಿಂದೆ ಸರಿಯಬಹುದಿತ್ತು. ಅವರು ಸರಿಯಲಿಲ್ಲ. ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ 371 ಎಕರೆ ಜಾಗ ಕೊಟ್ಟಿತು. 1909ರಲ್ಲಿ ಸರ್ಕಾರದ ಆದೇಶ ಆಯಿತು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಅದೇ ಭಾರತೀಯ ವಿಜ್ಞಾನ ಸಂಸ್ಥೆ, ಇವತ್ತಿಗೂ ನಮ್ಮ ಜನ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತಾರೆ. ಅಪ್ಪ ಆಡಿದ ಮಾತನ್ನು ಅಪ್ಪ ಇಲ್ಲದ ಮೇಲೆ ಮಕ್ಕಳು ನಡೆಸಿಕೊಟ್ಟ ಸಂಸ್ಥೆ ಅದು. ಎರಡನೇ ತಲೆಮಾರಿನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

ಆಮೇಲಿನದು ಇನ್ನೂ ವಿಶೇಷ. ಆ ಇಬ್ಬರು ಅಣ್ಣತಮ್ಮಂದಿರಿಗೂ ಮಕ್ಕಳಿರಲಿಲ್ಲ. ರತನ್‌ಜಿ 1918ರಲ್ಲಿ ತೀರಿಕೊಂಡರು, ಮರುವರ್ಷ ಅವರ ಹೆಸರಿನ ಟ್ರಸ್ಟ್ ಆಯಿತು. ದೊರಾಬ್ಜಿ 1932ರಲ್ಲಿ ತಮ್ಮ ಆಸ್ತಿಯನ್ನೆಲ್ಲ ಟ್ರಸ್ಟಿಗೆ ಬರೆದು, ಕೆಲವೇ ತಿಂಗಳಲ್ಲಿ ಹೋದರು. ರತನ್‌ಜಿ ಅವರ ಪತ್ನಿ ನವಾಜ್‌ಬಾಯಿ ಗಂಡ ಹೋದ ಮೇಲೆ ಸೂರತ್ತಿನ ಕಡೆಯಿಂದ ಬಂದು ಪಾರ್ಸಿ ಅನಾಥಾಲಯದಲ್ಲಿ ಬೆಳೆಯುತ್ತಿದ್ದ ಹುಡುಗನೊಬ್ಬನನ್ನು ದತ್ತು ತೆಗೆದುಕೊಂಡರು. ಆ ಹುಡುಗನೇ ನೇವಲ್ ಟಾಟಾ. ರತನ್ ಟಾಟಾ ಮತ್ತು ನೋಯಲ್ ಟಾಟಾ ಇಬ್ಬರ ತಂದೆ. ನವಾಜ್‌ಬಾಯಿ ದಶಕಗಳ ಕಾಲ ಗಂಡನ ಹೆಸರಿನ ಟ್ರಸ್ಟ್ ನೋಡಿಕೊಂಡರು, ಆಮೇಲೆ ನೇವಲ್ ನೋಡಿಕೊಂಡರು. ಇನ್ನೊಂದು ಕಡೆ ಜೆ.ಆರ್.ಡಿ. ಟಾಟಾ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದೊರಾಬ್ಜಿ ಟ್ರಸ್ಟಿನಲ್ಲಿದ್ದರು. ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ, ಮೂಲಭೂತ ಸಂಶೋಧನೆಯ ಟಿಐಎಫ್‌ಆರ್ 1945ರಲ್ಲಿ ಆಗಿದ್ದು ಆ ಕಾಲದಲ್ಲೇ.

ಅಂದರೆ ರಕ್ತದಿಂದ ರಕ್ತಕ್ಕೆ ನೇರವಾಗಿ ದಾಟಿದ ಟ್ರಸ್ಟ್ ಅಲ್ಲ ಇದು. ವಿಧವೆಯೊಬ್ಬರು, ದತ್ತುಮಗ, ದಾಯಾದಿ, ಹೊರಗಿನ ತಜ್ಞರು ಇಷ್ಟೂ ಜನ ಕೈ ಹಾಕಿ ಎತ್ತಿದ್ದು. ಮನೆತನದ ಟ್ರಸ್ಟ್ ಅಂದ ತಕ್ಷಣ ಹಿರಿಮಗನ ಹೆಸರು ಬರೆಯುವ ನಮ್ಮ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾ?

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಬೇರೆ ಬೇರೆ ಮನೆಗಳು ಬೇರೆ ಬೇರೆ ತರಹ ಬಿಡಿಸಿಕೊಂಡಿವೆ. ಫೋರ್ಡ್ ಮನೆಯವರ ಕೈಯಿಂದ ಫೌಂಡೇಶನ್ ಜಾರಿಯೇ ಹೋಯಿತು. 1936ರಲ್ಲಿ ಶುರುವಾದ ಫೋರ್ಡ್ ಫೌಂಡೇಶನ್ನಿಗೆ ಎರಡನೇ ಹೆನ್ರಿ ಫೋರ್ಡ್ 1976ರಲ್ಲಿ ರಾಜೀನಾಮೆ ಕೊಟ್ಟರು. ನಮ್ಮನ್ನು ಹುಟ್ಟಿಸಿದ ಉದ್ಯಮ ವ್ಯವಸ್ಥೆಯನ್ನೇ ಸಂಸ್ಥೆ ಮರೆತಿದೆ ಅನ್ನುವುದು ಅವರ ಸಿಟ್ಟು. ಆಮೇಲೆ ಆ ಮನೆಯ ಒಬ್ಬರು ಮತ್ತೆ ಬೋರ್ಡಿಗೆ ಬಂದಿದ್ದು 2019ರಲ್ಲಿ. ನಡುವಿನ ನಾಲ್ಕು ದಶಕ ಮನೆಯವರಿಲ್ಲದೆಯೇ ಫೌಂಡೇಶನ್ ನಡೆಯಿತು, ಚೆನ್ನಾಗಿಯೇ ನಡೆಯಿತು. ಮನೆಯವರು ಇಲ್ಲದಿದ್ದರೆ ದತ್ತಿ ಹಾಳಾಗುತ್ತದೆ ಅನ್ನುವ ಭಯಕ್ಕೆ ಅಷ್ಟೇನೂ ಆಧಾರ ಇಲ್ಲ.

ರಾಕ್‌ಫೆಲ್ಲರ್ ಮನೆಯದು ಇನ್ನೊಂದು ದಾರಿ. ಜಾನ್ ಡಿ. ರಾಕ್‌ಫೆಲ್ಲರ್ ಸೀಮೆಎಣ್ಣೆ, ಪೆಟ್ರೋಲಿಯಂನಿಂದ ಗಳಿಸಿದ ಹಣದಲ್ಲಿ 1913ರಲ್ಲಿ ಫೌಂಡೇಶನ್ ಮಾಡಿದರು. ಮೊಮ್ಮಕ್ಕಳು 1940ರಲ್ಲಿ ತಮ್ಮದೇ ಬೇರೆ ನಿಧಿ ಮಾಡಿಕೊಂಡರು. ತಾತನದ್ದನ್ನು ಕಿತ್ತುಕೊಳ್ಳಲಿಲ್ಲ, ಪಕ್ಕದಲ್ಲಿ ಇನ್ನೊಂದು ಕಟ್ಟಿದರು. ಆ ಸಹೋದರರ ನಿಧಿ 2014ರಲ್ಲಿ ತನ್ನ ಹೂಡಿಕೆಗಳನ್ನು ಕಲ್ಲಿದ್ದಲು, ತೈಲ ಕಂಪನಿಗಳಿಂದ ಹೊರಗೆ ತೆಗೆಯುತ್ತೇವೆ ಅಂತ ಘೋಷಿಸಿತು. ತೈಲದಿಂದ ಬಂದ ಹಣ ತೈಲದ ವಿರುದ್ಧ ನಿಂತಿತು. ತಾತನಿಗೆ ದ್ರೋಹ ಅಂತ ಕೆಲವರು ಬೈದರು. ನನಗೆ ಹಾಗೆ ಅನ್ನಿಸುವುದಿಲ್ಲ. ಜನರಿಗೆ ಒಳ್ಳೆಯದಾಗಬೇಕು ಅನ್ನುವುದು ಉದ್ದೇಶ. ಅದಕ್ಕೆ ಯಾವ ದಾರಿ ಅನ್ನುವುದನ್ನು ಈಗ ಬದುಕಿರುವವರೇ ನೋಡಬೇಕು. ಉದ್ದೇಶ ಮುಟ್ಟಬೇಡಿ, ದಾರಿ ಬದಲಿಸಿ ಅಂತ ಮೊದಲೇ ಹೇಳಿಟ್ಟರೆ ಮಕ್ಕಳಿಗೂ ಕೆಲಸದಲ್ಲಿ ಆಸಕ್ತಿ ಉಳಿಯುತ್ತದೆ. ಸುಮ್ನೆ ಸಹಿ ಹಾಕುವುದಕ್ಕೆ ಯಾವ ಮಗಳೂ ಮಗನೂ ಬರುವುದಿಲ್ಲ.

ಬಿಲ್ ಗೇಟ್ಸ್ ಈ ತಲೆನೋವೇ ಬೇಡ ಅಂದುಬಿಟ್ಟರು. 2045ರ ಡಿಸೆಂಬರ್ 31ಕ್ಕೆ ಫೌಂಡೇಶನ್ ಮುಚ್ಚುತ್ತೇವೆ, ಅಷ್ಟರೊಳಗೆ 200 ಶತಕೋಟಿ ಡಾಲರ್ ಖರ್ಚು ಮಾಡುತ್ತೇವೆ ಅಂತ 2025ರ ಮೇ ತಿಂಗಳಲ್ಲಿ ಹೇಳಿದರು. ವಾರೆನ್ ಬಫೆಟ್ ತಮ್ಮ ಉಳಿದ ಸಂಪತ್ತನ್ನು ಹಂಚುವ ಹೊಣೆಯನ್ನು ಮೂವರು ಮಕ್ಕಳಿಗೆ ಕೊಟ್ಟಿದ್ದಾರೆ. ಮೂವರೂ ಒಪ್ಪಿದರೆ ಮಾತ್ರ ಹಣ ಹೊರಡುತ್ತದೆ. ಆ ಮಕ್ಕಳಿಗೂ ವಯಸ್ಸಾಗಿದೆ ಅಂತ, ಅವರ ನಂತರಕ್ಕೆ ಇನ್ನೂ ಮೂವರನ್ನು ಗೊತ್ತುಮಾಡಿದ್ದಾರೆ. 2024ರ ನವೆಂಬರಿನ ಪತ್ರದಲ್ಲಿ ಅವರು ಎಲ್ಲ ತಂದೆತಾಯಿಗೂ ಹೇಳಿದ ಒಂದು ಮಾತು ನನಗೆ ಬಹಳ ಹಿಡಿಸಿತು. ಮಕ್ಕಳು ದೊಡ್ಡವರಾದ ಮೇಲೆ, ಉಯಿಲಿಗೆ ಸಹಿ ಹಾಕುವ ಮೊದಲು ಅವರಿಗೆ ಓದಲು ಕೊಡಿ ಅಂತ. ಯಾಕೆ ಹೀಗೆ ಬರೆದೆ ಅಂತ ಕೇಳುವುದಕ್ಕೆ ಅವರಿಗೆ ಆಗ ಅವಕಾಶ ಇರುತ್ತದೆ. ಹೋದ ಮೇಲೆ ಯಾರನ್ನು ಕೇಳುವುದು?

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ದೊಡ್ಡ ಮಟ್ಟದಲ್ಲಿ ಬರುವುದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿಗೆ. 2019ರಲ್ಲಿ ಪ್ರೇಮ್‌ಜಿ ಇನ್ನಷ್ಟು ವಿಪ್ರೋ ಷೇರುಗಳ ಫಲವನ್ನು ದತ್ತಿಗೆ ಮೀಸಲಿಟ್ಟಾಗ ಒಟ್ಟು ನಿಧಿ ಸುಮಾರು 1.45 ಲಕ್ಷ ಕೋಟಿ ರೂಪಾಯಿ ಆಯಿತು. ಅದೇ ವರ್ಷ ಮಗ ರಿಷದ್ ವಿಪ್ರೋ ಅಧ್ಯಕ್ಷರಾದರು. ಕಂಪನಿಯ ಕುರ್ಚಿ ಬೇರೆ, ದತ್ತಿಯ ದಿನದ ಕೆಲಸ ಬೇರೆ ಅಂತ ಅಜೀಂ ಪ್ರೇಮ್‌ಜಿ ಮೊದಲಿನಿಂದಲೂ ಇಟ್ಟಿದ್ದಾರೆ. ಶಾಲೆಗಳ ಕೆಲಸ, ವಿಶ್ವವಿದ್ಯಾಲಯ ಎಲ್ಲವನ್ನೂ ಆ ಕ್ಷೇತ್ರದಲ್ಲೇ ಪಳಗಿದವರು ನಡೆಸುತ್ತಾರೆ. ಹಾಗಾಗಿ ಮನೆಯಲ್ಲಿ ಏನೇ ಬದಲಾದರೂ ಯಾದಗಿರಿಯ ಮೇಷ್ಟ್ರ ತರಬೇತಿ ಮರುದಿನವೇ ನಿಲ್ಲುವುದಿಲ್ಲ.

ಆದರೂ ಒಂದು ಲೆಕ್ಕ ನೋಡಿ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದ ಜೊತೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಾರಲ್ಲ, ಅದರಲ್ಲಿ ಎರಡು ದಿನದ್ದು ಸರ್ಕಾರದ ಯೋಜನೆ, ಉಳಿದ ನಾಲ್ಕು ದಿನಕ್ಕೆ ಹಣ ಈ ಫೌಂಡೇಶನ್ನಿನದು. 2024ರಲ್ಲಿ ಆದ ಒಪ್ಪಂದ ಮೂರು ವರ್ಷಕ್ಕೆ, 1,500 ಕೋಟಿ ರೂಪಾಯಿ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಒಂದು ಫೌಂಡೇಶನ್ನಿನ ಮೀಟಿಂಗಿನಲ್ಲಿ ಆಗುವ ತೀರ್ಮಾನ ರಾಯಚೂರಿನ ಹಳ್ಳಿಯ ಮಗುವಿನ ತಟ್ಟೆಗೆ ಇಷ್ಟು ನೇರವಾಗಿ ಬಂದು ಬೀಳುತ್ತದೆ ಅಂದಮೇಲೆ, ಆ ಮೀಟಿಂಗಿನಲ್ಲಿ ನಾಳೆ ಯಾರು ಕೂರುತ್ತಾರೆ ಅನ್ನುವುದು ಊರಿನ ಪ್ರಶ್ನೆಯೇ, ಅಲ್ವಾ?

ಇನ್ನು ಚಿಕ್ಕ ಟ್ರಸ್ಟ್‌ಗಳಿಗೆ ಬರೋಣ. ನನಗೆ ನಿಜವಾದ ಚಿಂತೆ ಇರುವುದು ಇಲ್ಲೇ. ತಾತನ ಹೆಸರಿನಲ್ಲಿ ಒಂದು ಹಾಸ್ಟೆಲ್, ಅಜ್ಜಿಯ ನೆನಪಿಗೆ ವರ್ಷಕ್ಕೆ ಇಪ್ಪತ್ತು ಮಕ್ಕಳಿಗೆ ಫೀಸು, ಊರಲ್ಲೊಂದು ಕಲ್ಯಾಣ ಮಂಟಪ, ಅದರ ಬಾಡಿಗೆಯಲ್ಲಿ ಒಂದು ಕ್ಲಿನಿಕ್ಕು. ಇಂಥವು ಕರ್ನಾಟಕದ ಪ್ರತಿ ತಾಲ್ಲೂಕಿನಲ್ಲೂ ಇವೆ. ಮಹಾರಾಷ್ಟ್ರದ ಹಾಗೆ ಇವುಗಳ ಮೇಲೆ ಕಣ್ಣಿಡುವ ಚಾರಿಟಿ ಕಮಿಷನರ್ ನಮ್ಮಲ್ಲಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಡೀಡ್ (ಟ್ರಸ್ಟ್ ಸ್ಥಾಪಿಸಿದ ಪತ್ರ) ನೋಂದಣಿ ಆದಮೇಲೆ ವರ್ಷವರ್ಷ ಲೆಕ್ಕ ಕೇಳುವವರು ಹೆಚ್ಚುಕಡಿಮೆ ಆದಾಯ ತೆರಿಗೆ ಇಲಾಖೆಯವರು ಮಾತ್ರ. ದುರುಪಯೋಗ ಆದರೆ ಸಂಬಂಧಪಟ್ಟ ಇಬ್ಬರು ಸೇರಿ, ಕೋರ್ಟಿನ ಅನುಮತಿ ಪಡೆದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್ ಅಡಿ ದಾವೆ ಹೂಡಬಹುದು. ಹಾಸ್ಟೆಲ್ ಹುಡುಗರು ಅದನ್ನು ಮಾಡುತ್ತಾರಾ?

ಹಿರಿಯರು ಹೋದ ಮೇಲೆ ಇಲ್ಲಿ ಆಗುವುದು ಹೀಗೆ. ಅಧ್ಯಕ್ಷರೂ ಅವರೇ, ಖಜಾಂಚಿಯೂ ಅವರೇ ಅನ್ನುವ ಹಾಗೆ ಎಲ್ಲ ಅವರ ಹತ್ತಿರ ಇತ್ತು. ತೆರಿಗೆ ಪೋರ್ಟಲ್ಲಿಗೆ ಕೊಟ್ಟ ಮೊಬೈಲ್ ನಂಬರ್ ಅವರದ್ದು, ಸಿಮ್ ಬಂದ್ ಆಗಿದೆ, ಓಟಿಪಿ ಬರುವುದಿಲ್ಲ. ಡಿಜಿಟಲ್ ಸಹಿ ಅವರ ಹೆಸರಲ್ಲಿತ್ತು. ಬ್ಯಾಂಕಿಗೆ ಹೋದರೆ ಹೊಸ ಸಹಿದಾರರನ್ನು ನೇಮಿಸಿದ ಠರಾವು ತನ್ನಿ ಅಂತಾರೆ. ಠರಾವು ಬರೆಯಬೇಕಾದರೆ ಡೀಡ್ ಪ್ರಕಾರ ಕನಿಷ್ಠ ಮೂವರು ಟ್ರಸ್ಟಿಗಳು ಬೇಕು, ಐವರಲ್ಲಿ ಮೂವರು ತೀರಿಕೊಂಡು ಎಷ್ಟೋ ವರ್ಷ ಆಗಿದೆ, ಅವರ ಜಾಗ ಯಾರೂ ತುಂಬಿಲ್ಲ. ಮಿನಿಟ್ಸ್ ಪುಸ್ತಕದಲ್ಲಿ ಕೊನೆಯ ಹಲವು ಮೀಟಿಂಗುಗಳನ್ನು ಆಡಿಟರ್ ಆಫೀಸಿನ ಹುಡುಗ ಒಂದೇ ಕೈಬರಹದಲ್ಲಿ ಬರೆದಿದ್ದಾನೆ. ಅಷ್ಟರಲ್ಲಿ ತೆರಿಗೆ ವಿನಾಯಿತಿಯ ನೋಂದಣಿ ನವೀಕರಿಸುವ ಗಡುವು ಬಂದಿರುತ್ತದೆ. ಮೊದಲಿನ ಹಾಗೆ ಒಮ್ಮೆ ಪಡೆದರೆ ಶಾಶ್ವತ ಅನ್ನುವ ಕಾಲ 2021ಕ್ಕೇ ಮುಗಿಯಿತು. ಈಗ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ, ಐದು ಕೋಟಿಗಿಂತ ಕಡಿಮೆ ಆದಾಯದ ಚಿಕ್ಕ ಟ್ರಸ್ಟ್‌ಗಳಿಗೆ ಹತ್ತು ವರ್ಷಕ್ಕೊಮ್ಮೆ ನವೀಕರಣ ಬೇಕು. ಗಡುವು ತಪ್ಪಿದರೆ ಬೀಳುವ ತೆರಿಗೆ ಹಾಸ್ಟೆಲ್ಲಿನ ಅನ್ನದಿಂದಲೇ ಹೋಗುತ್ತದೆ.

ತಿಳಿದಿರಲೇಬೇಕಾದ ಇನ್ನೊಂದು ಗೆರೆ ಇದೆ. ಟ್ರಸ್ಟಿನ ಹಣ ಆಗಲಿ, ಕಟ್ಟಡ ಆಗಲಿ ಸ್ಥಾಪಕರಿಗೆ, ಟ್ರಸ್ಟಿಗಳಿಗೆ, ಅವರ ಹತ್ತಿರದ ನೆಂಟರಿಗೆ ಲಾಭ ಮಾಡಿಕೊಡುವಂತಿಲ್ಲ. ಮಾಡಿದ ಕೆಲಸಕ್ಕೆ ತಕ್ಕ ಸಂಬಳ ಕೊಡಬಹುದು, ಜಾಸ್ತಿ ಇಲ್ಲ. ಟ್ರಸ್ಟಿನ ಮಳಿಗೆಯಲ್ಲಿ ಮೊಮ್ಮಗನ ಆಫೀಸು ಬಾಡಿಗೆ ಇಲ್ಲದೆ ನಡೆದರೆ ವಿನಾಯಿತಿಗೇ ಕುತ್ತು. ಆದಾಯದ 85% ಅದೇ ವರ್ಷ ಉದ್ದೇಶಕ್ಕೆ ಖರ್ಚಾಗಬೇಕು, ಕೂಡಿಡುವುದಾದರೆ ಯಾವುದಕ್ಕೆ ಅಂತ ಮೊದಲೇ ತಿಳಿಸಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರುಗಳು ಬದಲಾಗಿವೆ, ಈ ಗೆರೆಗಳು ಹಾಗೇ ಇವೆ. ನಮ್ಮ ತಾತ ಮಾಡಿದ ಆಸ್ತಿ ಅಂತ ಮೊಮ್ಮಕ್ಕಳು ಅಂದುಕೊಂಡಿರುತ್ತಾರೆ. ಡೀಡಿಗೆ ಸಹಿ ಬಿದ್ದ ದಿನವೇ ಅದು ಮನೆಯ ಆಸ್ತಿ ಅಲ್ಲ ಅಂತ ಅವರಿಗೆ ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ.

ಮಕ್ಕಳು ಹೊರದೇಶದಲ್ಲಿದ್ದರೆ ಇನ್ನೊಂದು ತೊಡಕು. ಡಲ್ಲಾಸ್‌ನಲ್ಲೋ ಸಿಡ್ನಿಯಲ್ಲೋ ಇರುವ ಮಗಳು ಪ್ರೀತಿಯಿಂದ ಊರಿನ ಟ್ರಸ್ಟಿಗೆ ಹಣ ಕಳಿಸುತ್ತಾಳೆ. ಅವಳ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದು, ತನ್ನ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಗುರುತು) ಇದ್ದರೂ ಅದು ವಿದೇಶಿ ದೇಣಿಗೆ. ಟ್ರಸ್ಟಿಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ಅದಿಲ್ಲದೆ ಹಣ ಪಡೆದರೆ ಕಾನೂನು ಮುರಿದ ಹಾಗೆ. ಕೊಟ್ಟವಳು ನಮ್ಮ ಮನೆ ಮಗಳೇ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಇದಕ್ಕೆಲ್ಲ ದಾರಿ ಏನು ಅಂದರೆ, ಹಿರಿಯರು ಗಟ್ಟಿಯಾಗಿರುವಾಗಲೇ ಕೆಲವು ಸಂಗತಿ ಬರೆದಿಡುವುದು. ಟ್ರಸ್ಟಿಗೆ ಎಷ್ಟು ವರ್ಷದ ಅವಧಿ, ಎಷ್ಟನೇ ವಯಸ್ಸಿಗೆ ನಿವೃತ್ತಿ, ಖಾಲಿ ಜಾಗವನ್ನು ಎಷ್ಟು ತಿಂಗಳೊಳಗೆ ತುಂಬಬೇಕು, ತೀರ್ಮಾನಕ್ಕೆ ಒಮ್ಮತ ಬೇಕಾ ಬಹುಮತ ಸಾಕಾ. ಕೊನೆಯದು ಚಿಕ್ಕ ವಿಷಯ ಅನ್ನಿಸಬಹುದು, ಟಾಟಾದಲ್ಲಿ ಬಿರುಕು ಬಿಟ್ಟಿದ್ದು ಅಲ್ಲೇ. ಅದರ ಜೊತೆಗೆ ಮನೆಯವರಲ್ಲದ ಟ್ರಸ್ಟಿಗಳು. ಬೆಂಗಳೂರು ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರ ಧರ್ಮಛತ್ರ ನೂರಕ್ಕೂ ಹೆಚ್ಚು ವರ್ಷದಿಂದ ಇದೆ. ಅವರು ಅದನ್ನು ಮನೆಯವರ ಸ್ವತ್ತಾಗಿ ಬಿಡದೆ ಧರ್ಮಸಂಸ್ಥೆ ಮಾಡಿಟ್ಟು ಹೋದರು. ಅವರ ಹೆಸರು ಇವತ್ತಿಗೂ ಊರ ಬಾಯಲ್ಲಿದೆ. ಊರಿನ ನಿವೃತ್ತ ಹೆಡ್‌ಮಾಸ್ಟರ್, ಅದೇ ಹಾಸ್ಟೆಲ್ಲಿನಲ್ಲಿ ಓದಿ ಮೇಲೆ ಬಂದ ಡಾಕ್ಟರು, ಇಂಥವರು ಇಬ್ಬರು ಟ್ರಸ್ಟಿನಲ್ಲಿದ್ದರೆ ಅಣ್ಣತಮ್ಮಂದಿರ ಜಗಳ ಹಾಸ್ಟೆಲ್ಲಿನ ಅಡುಗೆಮನೆ ತನಕ ಬರುವುದಿಲ್ಲ. ಹಾಗೆಯೇ ಮದುವೆಯಾಗಿ ಹೋದಳು ಅಂತ ಮಗಳ ಹೆಸರು ಬಿಡುವುದು ನಿಲ್ಲಬೇಕು. ಎಷ್ಟೋ ಮನೆಗಳಲ್ಲಿ ಟ್ರಸ್ಟಿನ ಕೆಲಸದ ಬಗ್ಗೆ ನಿಜವಾಗಿ ವಿಚಾರಿಸುವವಳು ಅವಳೊಬ್ಬಳೇ.

ಇಪ್ಪತ್ತು ಇಪ್ಪತ್ತೈದರ ಮಕ್ಕಳನ್ನು ನೇರವಾಗಿ ಟ್ರಸ್ಟಿ ಮಾಡಬೇಕಿಲ್ಲ. ವರ್ಷದ ವಿದ್ಯಾರ್ಥಿವೇತನದ ಅರ್ಜಿಗಳನ್ನು ಅವರ ಕೈಗೆ ಕೊಟ್ಟು ನೋಡಿ. ನೂರು ಅರ್ಜಿ, ಇಪ್ಪತ್ತು ಜಾಗ. ಅಪ್ಪ ಇಲ್ಲದ ಹುಡುಗಿ ಒಬ್ಬಳು, 96% ತೆಗೆದ ಹುಡುಗ ಒಬ್ಬ, ಇಬ್ಬರಲ್ಲಿ ಯಾರಿಗೆ? ಅವರ ಜೊತೆ ಕೂತು, ನಾವು ಇಷ್ಟು ವರ್ಷ ಯಾವ ಲೆಕ್ಕದಲ್ಲಿ ಆರಿಸಿದೆವು, ಯಾಕೆ, ಎಲ್ಲಿ ನಮಗೇ ಸಮಾಧಾನ ಇರಲಿಲ್ಲ ಅಂತ ಹೇಳಿ. ಅವರು ಬೇರೆ ಲೆಕ್ಕ ಮುಂದಿಟ್ಟರೆ ಒಂದು ವರ್ಷ ಅದನ್ನೇ ನಡೆಸಲು ಬಿಡಿ. ಮುಂದಿನ ಜೂನ್‌ನಲ್ಲಿ ಶಾಲೆ ಶುರುವಾಗಿ ಅರ್ಜಿ ಬರುವ ಹೊತ್ತಿಗೆ, ಹಿಂದಿನ ವರ್ಷ ಆರಿಸಿದ ಮಕ್ಕಳು ಏನಾದರು ಅಂತ ಅವರೇ ಹೋಗಿ ವಿಚಾರಿಸಿಕೊಂಡು ಬರಲಿ.